ಪುಣೆಯ ಹಸ್ತಪ್ರತಿಗಳ ನಡುವೆ ಒಂದು ಜೀವಮಾನ

1953ರಲ್ಲಿ ಬೆಂಗಳೂರಿನ ಬಸವನಗುಡಿಯಿಂದ ಒಂದು ತೆಳ್ಳನೆಯ ಪುಸ್ತಿಕೆ ಹೊರಬಂತು. ಪ್ರಕಟಿಸಿದ್ದು ಈಗ ನಾವು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಎಂದು ಕರೆಯುವ ಸಂಸ್ಥೆ. 1400ರಿಂದ 1900ರವರೆಗೆ ಭಾರತದಲ್ಲಿ ಬಾಣಬಿರುಸು ಬೆಳೆದುಬಂದ ಚರಿತ್ರೆ ಅದರ ವಿಷಯ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯಲ್ಲಿ ಕಂಡ ಬೆರಗು ಅದರಲ್ಲಿದೆ. ಕೃಷ್ಣದೇವರಾಯನ ಎದುರಾಳಿ ಗಜಪತಿ ಪ್ರತಾಪರುದ್ರನ ಹೆಸರಿನಲ್ಲಿರುವ ‘ಕೌತುಕಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥದಿಂದ ಗಂಧಕ, ಪೆಟ್ಲುಪ್ಪು, ಇದ್ದಿಲು ಬೆರೆಸುವ ಪಾಕಗಳೂ ಅದಕ್ಕೆ ಬಂದಿವೆ. ಇಷ್ಟನ್ನೆಲ್ಲ ಹುಡುಕಿ ಪೋಣಿಸಿದ ಪರಶುರಾಮ ಕೃಷ್ಣ ಗೋಡೆ ಇತಿಹಾಸದ ಪ್ರಾಧ್ಯಾಪಕರಾಗಿರಲಿಲ್ಲ. ಅವರು ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ಕ್ಯುರೇಟರ್. ಹಸ್ತಪ್ರತಿಗಳನ್ನು ಕಾಯುವುದು, ಬೇಕೆಂದವರಿಗೆ ತೆಗೆದುಕೊಡುವುದು, ಅವುಗಳ ಸೂಚಿ ಬರೆಯುವುದು ಅವರ ಕೆಲಸ.

ರತ್ನಾಗಿರಿ ಜಿಲ್ಲೆಯ ದೇವರುಖದಲ್ಲಿ 1891ರಲ್ಲಿ ಹುಟ್ಟಿದ ಗೋಡೆ 1919ರಲ್ಲಿ ಆ ಸಂಸ್ಥೆ ಸೇರಿದರು. ಸಂಸ್ಥೆಗೆ ಆಗ ಇನ್ನೂ ಎರಡು ವರ್ಷ. ರಾಮಕೃಷ್ಣ ಗೋಪಾಲ ಭಂಡಾರ್ಕರರ ಗೌರವಾರ್ಥ ಅದನ್ನು ಕಟ್ಟಿದ್ದು 1917ರಲ್ಲಿ. ಆದರೆ ಅದರ ಭಂಡಾರ ಅದಕ್ಕಿಂತ ಹಳೆಯದು. ಮುಂಬಯಿ ಸರ್ಕಾರ 1866ರಿಂದಲೇ ಊರೂರು ಸುತ್ತಿಸಿ ಹಸ್ತಪ್ರತಿ ಕೊಳ್ಳುತ್ತಿತ್ತು. ಬ್ಯೂಲರ್, ಕೀಲ್‌ಹಾರ್ನ್, ಸ್ವತಃ ಭಂಡಾರ್ಕರ್ ಹೀಗೆ ತಿರುಗಿದವರು. ಡೆಕ್ಕನ್ ಕಾಲೇಜಿನಲ್ಲಿದ್ದ ಆ ಇಡೀ ಸಂಗ್ರಹವನ್ನು ಸರ್ಕಾರ 1918ರಲ್ಲಿ ಹೊಸ ಸಂಸ್ಥೆಗೆ ಒಪ್ಪಿಸಿತು. ಸಾವಿರಾರು ಕಟ್ಟುಗಳು ಬಂದು ಕೂತ ಮರುವರ್ಷವೇ ಅವುಗಳ ಹೊಣೆ ಇಪ್ಪತ್ತೆಂಟರ ಈ ತರುಣನ ಹೆಗಲಿಗೆ ಬಿತ್ತು.

ಸೂಚಿ ಬರೆಯುವುದೆಂದರೆ ಪುಸ್ತಕದ ಹೆಸರು, ಬರೆದವರ ಹೆಸರು ಗೀಚಿ ಮುಂದೆ ಹೋಗುವುದಲ್ಲ. ಸರ್ಕಾರಿ ಸಂಗ್ರಹದ ಪ್ರತಿಗಳಿಗೆ ‘1875–76ರ 5ನೇ ನಂಬರ್’ ಎಂಬ ಮಾದರಿಯ ಗುರುತು ಇರುತ್ತದೆ. ನಂಬರಿನ ಜೊತೆಗಿರುವ ವರ್ಷ ಆ ಕಟ್ಟು ಯಾವ ಸುತ್ತಾಟದಲ್ಲಿ ಕೈಸೇರಿತು ಎಂದು ಹೇಳುತ್ತದೆ. ಈ 5ನೇ ನಂಬರ್ ಬ್ಯೂಲರ್ ಕಾಶ್ಮೀರದಿಂದ ತಂದ ಋಗ್ವೇದ. ಭೂರ್ಜದ ತೊಗಟೆಯ ಮೇಲೆ ಶಾರದಾ ಲಿಪಿಯಲ್ಲಿ ಬರೆದದ್ದು. ಈ ಸಂಸ್ಥೆಯ 30 ಋಗ್ವೇದ ಹಸ್ತಪ್ರತಿಗಳನ್ನು 2007ರಲ್ಲಿ ಯುನೆಸ್ಕೊ ‘ಮೆಮೊರಿ ಆಫ್ ದ ವರ್ಲ್ಡ್’ ಪಟ್ಟಿಗೆ ಸೇರಿಸಿಕೊಂಡಿತು.

ನಂಬರಿನ ಕೆಳಗೆ ಅಸಲು ಕೆಲಸ ಶುರು. ಹಾಳೆಯ ಉದ್ದಗಲ ಎಷ್ಟು, ಹಾಳೆ ಎಷ್ಟು, ಪುಟಕ್ಕೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ, ಯಾವ ಲಿಪಿ, ಕಾಗದ ದೇಶೀಯದೋ ಹೊರಗಿನದೋ, ಅಂಚಿಗೆ ಕೆಂಪು ಗೆರೆ ಎಳೆದಿದೆಯೋ, ಹುಳು ಎಲ್ಲಿ ತಿಂದಿದೆ. ಆಮೇಲೆ ಆರಂಭದ ಸಾಲುಗಳು, ಕೊನೆಯ ಸಾಲುಗಳು, ನಕಲುಗಾರ ಬರೆದ ಪುಷ್ಪಿಕೆ. ಹಲವು ಪುಷ್ಪಿಕೆಗಳಲ್ಲಿ ನಕಲುಗಾರ ತನ್ನ ಬೆನ್ನುನೋವು ಹೇಳಿಕೊಂಡು, ಈ ಪುಸ್ತಕಕ್ಕೆ ಎಣ್ಣೆ, ನೀರು ತಾಗದಂತೆ, ಕಟ್ಟು ಸಡಿಲವಾಗದಂತೆ ಕಾಪಾಡಿ ಎಂದು ಬೇಡಿಕೊಂಡಿರುತ್ತಾನೆ. ಇಷ್ಟೂ ಆದ ಮೇಲೆ, ಇದೇ ಕೃತಿಯ ಬೇರೆ ಪ್ರತಿಗಳು ತಂಜಾವೂರಿನಲ್ಲಿವೆಯೋ ಲಂಡನ್ನಿನಲ್ಲಿವೆಯೋ ಎಂದು ಅಲ್ಲಲ್ಲಿನ ಸೂಚಿಗಳನ್ನು ತಿರುವಿ ನೋಡಬೇಕು. ಗೋಡೆ ಹೀಗೆ ಅಲಂಕಾರ, ಸಂಗೀತ, ನಾಟ್ಯ ಗ್ರಂಥಗಳ ಸಂಪುಟವನ್ನು 1936ರಲ್ಲಿ ಮುಗಿಸಿದರು. ನಾಟಕಗಳದ್ದು 1937ರಲ್ಲಿ ಬಂತು. 1940ರಿಂದ ಕಾವ್ಯದ ಸಂಪುಟಗಳು.

ಈ ನಿತ್ಯದ ದುಡಿಮೆಯೇ ಅವರ ಸಂಶೋಧನೆಗೂ ದಾರಿ ತೋರಿತು. ನಮ್ಮ ಹಳೆಯ ಗ್ರಂಥಕಾರರಲ್ಲಿ ಅನೇಕರ ಕಾಲ ಗೊತ್ತಿಲ್ಲ. ಒಂದು ಕೃತಿ ಇನ್ನೊಂದನ್ನು ಉದ್ಧರಿಸಿದ್ದರೆ ಅದು ಅದಕ್ಕಿಂತ ಈಚಿನದು. ಮತ್ತೊಬ್ಬ ಇದನ್ನು ಉದ್ಧರಿಸಿದ್ದರೆ ಅವನಿಗಿಂತ ಹಿಂದಿನದು. ಪುಷ್ಪಿಕೆಯಲ್ಲಿ ಶಕವರ್ಷ ಇದ್ದರಂತೂ ಕೃತಿ ಆ ವರ್ಷದಿಂದ ಈಚೆಗೆ ಬರಲಾರದು. ಎರಡು ಕಡೆಯಿಂದ ಮಿತಿ ಬಿಗಿಯುತ್ತ ಬಂದರೆ ಮುನ್ನೂರು ವರ್ಷಗಳ ಗೊಂದಲ ಮೂವತ್ತು ವರ್ಷಕ್ಕೆ ಇಳಿಯುತ್ತದೆ. ಇದೇ ಬಿಗಿಯನ್ನು ಗೋಡೆ ಅಡುಗೆಮನೆಯ ಮೇಲೂ ಪ್ರಯೋಗಿಸಿದರು. ಜಿಲೇಬಿ ನಮ್ಮಲ್ಲಿ ಎಂದಿನಿಂದ ಇದೆ? ಸುಮಾರು 1450ರಲ್ಲಿ ಜಿನಸೂರ ಬರೆದ ‘ಪ್ರಿಯಂಕರನೃಪಕಥಾ’ದ ಔತಣದಲ್ಲಿ ಅದು ಬಡಿಸಲ್ಪಟ್ಟಿದೆ ಎಂದು 1943ರಲ್ಲಿ ತೋರಿಸಿಕೊಟ್ಟರು. ಮೂಗಿನ ನತ್ತು, ಮೆಹಂದಿ, ತಾಂಬೂಲ, ರಂಗವಲ್ಲಿ, ಕಾಗದ, ಮೆಕ್ಕೆಜೋಳ ಒಂದೊಂದರ ಮೇಲೂ ಬರೆದರು. ಒಟ್ಟು ಲೇಖನಗಳು ನಾನೂರಕ್ಕೂ ಹೆಚ್ಚು. ರಾಜರ ಪಟ್ಟಿಯನ್ನೇ ಚರಿತ್ರೆ ಎಂದು ಓದಿಸುತ್ತಿದ್ದ ಕಾಲದಲ್ಲಿ ಮನೆಯೊಳಗಿನ ಬದುಕಿಗೆ ತಾರೀಖು ಹುಡುಕಿದ ಈ ಬರಹಗಳು ಇಂದಿಗೂ ತಾಜಾ ಎಂದೇ ನನ್ನ ಭಾವನೆ. ‘ಆಕಾಶಭೈರವಕಲ್ಪ’ ಎಂಬ ತಂತ್ರಗ್ರಂಥದಲ್ಲಿ ವಿಜಯನಗರದ ಸುಳಿವು ಸಿಕ್ಕಾಗ ಅವರು ಆ ಲೇಖನವನ್ನು ಕಳಿಸಿದ್ದು ಧಾರವಾಡದ ‘ಕರ್ನಾಟಕ ಹಿಸ್ಟಾರಿಕಲ್ ರಿವ್ಯೂ’ ಪತ್ರಿಕೆಗೆ.

ಪುಣೆಗೂ ಕನ್ನಡಕ್ಕೂ ಈ ನಂಟು ಹೊಸದಲ್ಲ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತದಲ್ಲಿದ್ದಾಗ ಹೆಚ್ಚಿನ ಓದಿಗೆ ಆ ಕಡೆಯವರು ಹೋಗುತ್ತಿದ್ದದ್ದು ಪುಣೆಗೆ. ಬೇಂದ್ರೆ ಓದಿದ್ದು ಫರ್ಗ್ಯೂಸನ್ ಕಾಲೇಜಿನಲ್ಲಿ. 1898ರಲ್ಲಿ ‘ಕವಿರಾಜಮಾರ್ಗ’ ಅಚ್ಚಿಗೆ ಬಂದಾಗ ಅದನ್ನು ಸಂಪಾದಿಸಿದವರು ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಕೆ.ಬಿ. ಪಾಠಕ್. ಅದೇ ಕಾಲೇಜಿನಲ್ಲಿ 1958–59ರಲ್ಲಿ ಭಾಷಾವಿಜ್ಞಾನ ಕಲಿತು ಎ.ಕೆ. ರಾಮಾನುಜನ್ ಅಮೆರಿಕಕ್ಕೆ ಹೊರಟರು. 1962ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ತಮಿಳು ವ್ಯಾಕರಣ ಹುಡುಕುತ್ತಿದ್ದವರಿಗೆ ಸಂಗಂ ಕವಿತೆಗಳ ಸಂಕಲನ ಸಿಕ್ಕಿದ ಕತೆ ಅವರ ಓದುಗರಿಗೆ ಗೊತ್ತು. ಅಷ್ಟು ದೂರದ ಕಪಾಟಿನಲ್ಲಿ ಆ ಪುಸ್ತಕವನ್ನು ಯಾರೋ ತರಿಸಿ ಇಟ್ಟಿದ್ದರು, ಅದನ್ನು ಯಾರೂ ಹೇಳುವುದಿಲ್ಲ. ಅದೇ ವರ್ಷ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದಿಲ್ಲಿಯಲ್ಲಿ ಕಚೇರಿ ತೆರೆದು, ಪಿಎಲ್-480 ಎಂಬ ಕಾನೂನಿನಡಿ ಭಾರತಕ್ಕೆ ಮಾರಿದ ಗೋಧಿಯ ಬಾಬ್ತು ಇಲ್ಲಿ ಜಮೆಯಾಗಿದ್ದ ರೂಪಾಯಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕ ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಷಿಕಾಗೋದಲ್ಲಿ ದಕ್ಷಿಣ ಏಷ್ಯಾ ಸಂಗ್ರಹ ಬೆಳೆಸಿದ ಮೌರೀನ್ ಪ್ಯಾಟರ್ಸನ್ ಕೂಡ ಗೋಡೆಯವರ ಹಾಗೆ ಗ್ರಂಥಪಾಲಕಿಯೂ ಹೌದು, ಸಂಶೋಧಕಿಯೂ ಹೌದು. ಚಿತ್ಪಾವನ ಮನೆತನಗಳು ತಮ್ಮ ಪಾಡಿಗೆ ಅಚ್ಚುಹಾಕಿಸಿಕೊಂಡಿದ್ದ ಕುಲವೃತ್ತಾಂತಗಳಲ್ಲಿ ಮಹಾರಾಷ್ಟ್ರದ ಸಮಾಜ ಬದಲಾದ ಬಗೆಯನ್ನು ಅವರು ಓದಿದರು.

2004ರ ಜನವರಿ 5ರಂದು ಭಂಡಾರ್ಕರ್ ಸಂಸ್ಥೆಗೆ ಗುಂಪೊಂದು ನುಗ್ಗಿತು. ಶಿವಾಜಿಯ ಬಗ್ಗೆ ಜೇಮ್ಸ್ ಲೇನ್ ಬರೆದ ಪುಸ್ತಕದ ಮೇಲಿನ ಸಿಟ್ಟು ಕಪಾಟುಗಳ ಮೇಲೆ ಹರಿಯಿತು. ಪುಸ್ತಕ, ಹಸ್ತಪ್ರತಿಗಳು ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾದವು. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕಟ್ಟಿನಿಂದ ಕಳಚಿದ ಬಿಡಿ ಹಾಳೆ ಯಾವ ಗ್ರಂಥದ್ದು ಎಂದು ಪತ್ತೆ ಮಾಡಲು ಇಂಥ ಹೊತ್ತಿನಲ್ಲಿ ಇರುವ ಆಸರೆ ಸೂಚಿಯೊಂದೇ. ಸಾಲಿಗೆ ಎಷ್ಟು ಅಕ್ಷರ ಎಂದು ಅರವತ್ತು, ಎಪ್ಪತ್ತು ವರ್ಷಗಳ ಹಿಂದೆ ಎಣಿಸಿ ಬರೆದಿಟ್ಟದ್ದು ಏಕೆಂದು ಆಗ ತಿಳಿಯುತ್ತದೆ.

ನಮ್ಮ ಕಡೆ ಮೈಸೂರಿನ ಆರ್. ಶಾಮಾಶಾಸ್ತ್ರಿಗಳ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದಾಗ ಅವರೂ ಓರಿಯೆಂಟಲ್ ಲೈಬ್ರರಿಯ ಗ್ರಂಥಪಾಲಕರೇ. ಓಲೆಗರಿಯ ಕಟ್ಟು ಬಿಚ್ಚಿ, ಓದಿ, ಇದು ಇಂಥದ್ದು ಎಂದು ಹೇಳಬಲ್ಲವರು ಅಲ್ಲಿ ಇದ್ದದ್ದರಿಂದ ಆ ಗ್ರಂಥ ಸಿಕ್ಕಿತು. ಇಂದು ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡುವುದಕ್ಕೆ ಹಣ ಬರುತ್ತದೆ, ಅದು ಬರಲಿ. ಆದರೆ ಪುಷ್ಪಿಕೆ ಓದಬಲ್ಲ ಒಬ್ಬರನ್ನು ಖಾಯಂ ಆಗಿ ನೇಮಿಸಿಕೊಳ್ಳದಿದ್ದರೆ ಆ ಚಿತ್ರಗಳಿಗೆ ಹೆಸರಿಡುವವರು ಯಾರು? ಗ್ರಂಥಾಲಯ ವಿಜ್ಞಾನ ಓದುವವರಿಗೆ ಮೋಡಿ, ನಂದಿನಾಗರಿ, ತಿಗಳಾರಿಗಳಲ್ಲಿ ಒಂದು ಲಿಪಿಯನ್ನಾದರೂ ಕಲಿಸಬೇಕು, ಕಲಿತವರಿಗೆ ಪ್ರಾಧ್ಯಾಪಕರ ಸಂಬಳವನ್ನೇ ಕೊಡಬೇಕು.

1960ರಲ್ಲಿ ಎಚ್.ಎಲ್. ಹರಿಯಪ್ಪ ಮತ್ತು ಎಂ.ಎಂ. ಪಾಟ್ಕರ್ ಸಂಪಾದಿಸಿದ ಅಭಿನಂದನ ಗ್ರಂಥ ಗೋಡೆಯವರ ಕೈಸೇರಿತು. ಮರುವರ್ಷ ಅವರು ತೀರಿಕೊಂಡರು. ಅವರ ಸಾಂಸ್ಕೃತಿಕ ಚರಿತ್ರೆಯ ಲೇಖನಗಳ ಮೂರನೆಯ ಸಂಪುಟ 1969ರಲ್ಲಿ ಬಂತು.