ಡಿ ಅಂಡ್ ಡಿ ಆಟಕ್ಕೆ ‘ಮನೆ ರೂಲ್ಸ್’ ಮಾಡೋದು ಹೇಗೆ? ದಾಳ ಉರುಳೋ ಮೊದಲೇ ಮಾತಾಡಿಕೊಳ್ಳಿ

ಗಲ್ಲಿ ಕ್ರಿಕೆಟ್ ಆಡಿದವರಿಗೆ ‘ಒನ್ ಟಿಪ್ ಒನ್ ಹ್ಯಾಂಡ್’ ಅಂದ್ರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಚೆಂಡು ಒಂದು ಸಲ ನೆಲಕ್ಕೆ ಬಿದ್ದು ಪುಟಿದಾಗ ಒಂದೇ ಕೈಯಲ್ಲಿ ಹಿಡಿದರೆ ಬ್ಯಾಟ್ಸ್‌ಮನ್ ಔಟ್. ಕ್ರಿಕೆಟ್‌ನ ನಿಯಮ ಪುಸ್ತಕ ತಿರುವಿ ಹಾಕಿದರೂ ಇದು ಸಿಗಲ್ಲ. ಚೌಕಾಬಾರದಲ್ಲೂ ಅಷ್ಟೇ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಅಂತ ಒಂದು ಮನೆಯವರು, ಹಾಗೇನಿಲ್ಲ ಹೋಗಬಹುದು ಅಂತ ಇನ್ನೊಂದು ಮನೆಯವರು. ರಜೆಗೆ ಬಂದ ಮಕ್ಕಳು ಒಟ್ಟಿಗೆ ಆಡೋಕೆ ಕೂತಾಗ ಜಗಳ ಶುರುವಾಗೋದು ಇಲ್ಲಿಂದಲೇ.

ಇದೇ ತರಹದ ‘ಮನೆ ರೂಲ್ಸ್’ ಮೇಲೆಯೇ ಐವತ್ತು ವರ್ಷ ಬೆಳೆದು ಬಂದ ಆಟ ಒಂದಿದೆ. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಚಿಕ್ಕದಾಗಿ ಡಿ ಅಂಡ್ ಡಿ. ನೆಟ್‌ಫ್ಲಿಕ್ಸ್‌ನ ‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಗೊತ್ತಿರುತ್ತೆ, ಆ ಹುಡುಗರು ಮೇಜಿನ ಸುತ್ತ ಕೂತು ಕೂಗಾಡುತ್ತಾ ಆಡೋದು ಇದನ್ನೇ. ಬೆಂಗಳೂರಲ್ಲಿ ಓದ್ತಿರೋ ಮಗನೋ ಮಗಳೋ ಇಪ್ಪತ್ತು ಮುಖದ ದಾಳ ಹಿಡ್ಕೊಂಡು ಊರಿಗೆ ಬಂದರೆ ಆಶ್ಚರ್ಯ ಪಡಬೇಡಿ. ಅದು ಜೂಜಿನ ದಾಳ ಅಲ್ಲ.

ಆಟ ನಡೆಯೋದು ಹೇಗೆ?

ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರ್ತಾರೆ. ಅವರಲ್ಲಿ ಒಬ್ಬರು ಡಂಜನ್ ಮಾಸ್ಟರ್, ಅಂದ್ರೆ ಕಥೆ ನಡೆಸುವವರು. ಕಾಡು, ಕೋಟೆ, ರಾಕ್ಷಸರು, ಅಂಗಡಿಯ ಯಜಮಾನ ಎಲ್ಲವೂ ಅವರ ಬಾಯಿಂದಲೇ ಬರಬೇಕು. ಉಳಿದವರದು ತಲಾ ಒಂದೊಂದು ಪಾತ್ರ. ಯೋಧ, ಮಂತ್ರವಾದಿ, ಕಳ್ಳ, ಹೀಗೆ. ‘ನಾನು ಗೋಡೆ ಹತ್ತುತ್ತೇನೆ’ ಅಂತ ಒಬ್ಬ ಆಟಗಾರ ಅಂದರೆ, ಇಪ್ಪತ್ತು ಮುಖದ ದಾಳ ಉರುಳಿಸು ಅಂತ ಮಾಸ್ಟರ್ ಹೇಳ್ತಾರೆ. ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿ, ಮೊದಲೇ ಗೊತ್ತು ಮಾಡಿದ ಸಂಖ್ಯೆ ಮುಟ್ಟಿದರೆ ಹತ್ತಿದ ಹಾಗೆ. ಇಲ್ಲದಿದ್ದರೆ ಬಿದ್ದ.

ಗೆಲ್ಲೋದು ಸೋಲೋದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ಒಂದು ಬೈಠಕ್ ಅಂದರೆ ಮೂರ್ನಾಲ್ಕು ಗಂಟೆ. ಅದೇ ಪಾತ್ರವನ್ನು ಇಟ್ಟುಕೊಂಡು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆಡ್ತಾರೆ. ಎರಡು ವರ್ಷ ಸಾಕಿದ ಪಾತ್ರ ಒಂದು ಕೆಟ್ಟ ದಾಳಕ್ಕೆ ಸತ್ತರೆ ಹೊಟ್ಟೆ ಉರಿಯುತ್ತೆ. ಅದು ಪುಸ್ತಕದ ನಿಯಮದಿಂದ ಆದರೆ ಹೇಗೋ ನುಂಗಿಕೊಳ್ಳಬಹುದು. ಆದರೆ ಮಾಸ್ಟರ್ ಆ ಕ್ಷಣದಲ್ಲಿ ಹುಟ್ಟಿಸಿದ ನಿಯಮದಿಂದ ಆದರೆ? ಮುಂದಿನ ವಾರ ಆ ಆಟಗಾರ ಬರದೇ ಇರಬಹುದು. ಗುಂಪು ಒಡೆಯೋದಕ್ಕೆ ಇಷ್ಟು ಸಾಕು.

ಶುರುವಾಗಿದ್ದೇ ಅರ್ಧಂಬರ್ಧ ನಿಯಮದಿಂದ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಪಕ್ಕದ ಮಿನ್ನೆಸೋಟದ ಡೇವ್ ಆರ್ನೆಸನ್ ಸೇರಿ 1974ರಲ್ಲಿ ಈ ಆಟವನ್ನು ಹೊರತಂದರು. ಒಂದು ಪೆಟ್ಟಿಗೆ, ಒಳಗೆ ಮೂರು ತೆಳು ಪುಸ್ತಕ. ಮೊದಲ ಮುದ್ರಣ ಬರೀ 1000 ಪ್ರತಿ. ಯುದ್ಧದ ಬಗ್ಗೆ ತಿಳೀಬೇಕಾದರೆ 1971ರಲ್ಲಿ ಬಂದಿದ್ದ ‘ಚೈನ್‌ಮೇಲ್’ ಅನ್ನೋ ಬೇರೊಂದು ಆಟದ ಪುಸ್ತಕವೂ ಕೈಯಲ್ಲಿರಬೇಕಿತ್ತು. ಅದು ಇಲ್ಲದವರು ಏನು ಮಾಡಬೇಕು? ತಮಗೆ ತೋಚಿದ ಹಾಗೆ ತುಂಬಿಸಿಕೊಂಡರು. ನಿಮ್ಮ ಕಲ್ಪನೆಗೆ ತಕ್ಕ ಹಾಗೆ ನೀವೇ ತೀರ್ಮಾನಿಸಿ ಅನ್ನೋ ಅರ್ಥದ ಮಾತು ಆ ಪುಸ್ತಕದಲ್ಲೇ ಇತ್ತು.

ಅಂಗಡಿ ಇಟ್ಟವರಿಗೆ ಇಷ್ಟ ಆಗೋ ಕಥೆ ಒಂದಿದೆ. ಮೂಲ ಆಟದಲ್ಲಿ ‘ಕಳ್ಳ’ ಅನ್ನೋ ಪಾತ್ರವೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ‘ಏರೋ ಹಾಬೀಸ್’ ಅನ್ನೋ ಆಟಿಕೆ–ಮಾದರಿಗಳ ಅಂಗಡಿ ಇತ್ತು. ಅಲ್ಲಿ ಸೇರುತ್ತಿದ್ದ ಗುಂಪು ಬೀಗ ತೆಗೆಯುವ, ಸದ್ದಿಲ್ಲದೆ ನಡೆಯುವ ಒಂದು ಪಾತ್ರವನ್ನು ತಮ್ಮ ಮಟ್ಟಿಗೆ ಮಾಡಿಕೊಂಡಿತ್ತು. ಅಂಗಡಿಯ ಗ್ಯಾರಿ ಸ್ವಿಟ್ಜರ್ ಅದನ್ನು ಗೈಗ್ಯಾಕ್ಸ್‌ಗೆ ಫೋನಲ್ಲಿ ಹೇಳಿದರು. 1975ರಲ್ಲಿ ಬಂದ ‘ಗ್ರೇಹಾಕ್’ ಪುಸ್ತಕದಲ್ಲಿ ಕಳ್ಳನ ಪಾತ್ರ ಅಚ್ಚಾಯಿತು. ಇವತ್ತು ಅದು ಇಲ್ಲದೆ ಡಿ ಅಂಡ್ ಡಿ ಇಲ್ಲ. ಅಂಗಡಿ ಮೂಲೆಯಲ್ಲಿ ಹುಟ್ಟಿದ ಮನೆ ರೂಲ್, ಪುಸ್ತಕದ ರೂಲ್ ಆದದ್ದು ಹೀಗೆ.

ಕ್ಯಾಲಿಫೋರ್ನಿಯಾದವರೇ ಆದ ಸ್ಟೀವ್ ಪೆರಿನ್ ಯುದ್ಧದ ನಿಯಮಗಳನ್ನು ತಿದ್ದುತ್ತಾ ತಿದ್ದುತ್ತಾ ಎಲ್ಲಿಗೆ ಮುಟ್ಟಿದರು ಅಂದ್ರೆ, 1978ರಲ್ಲಿ ‘ರೂನ್‌ಕ್ವೆಸ್ಟ್’ ಅನ್ನೋ ಬೇರೆ ಆಟವನ್ನೇ ಬರೆದರು. ಇತ್ತ ಗೈಗ್ಯಾಕ್ಸ್ ಅಷ್ಟರಲ್ಲಿ ರಾಗ ಬದಲಿಸಿದ್ದರು. 1977ರಿಂದ 79ರ ನಡುವೆ ‘ಅಡ್ವಾನ್ಸ್ಡ್’ ಆವೃತ್ತಿ ತಂದು, ಎಲ್ಲರೂ ಒಂದೇ ನಿಯಮದಲ್ಲಿ ಆಡಬೇಕು, ಬದಲಿಸಿದರೆ ಅದು ಈ ಆಟವೇ ಅಲ್ಲ ಅನ್ನೋ ಧಾಟಿಗೆ ಬಂದರು. ಜನ ಕೇಳಿದರಾ? ಇಲ್ಲ.

ಇಪ್ಪತ್ತು ಬಿದ್ದರೆ ಡಬಲ್, ಒಂದು ಬಿದ್ದರೆ ಕತ್ತಿ ಜಾರಿತು

ದಾಳದಲ್ಲಿ 20 ಬಿದ್ದರೆ ಏಟು ಇಮ್ಮಡಿ ಅನ್ನೋದು ಈಗ ಎಲ್ಲರಿಗೂ ಗೊತ್ತಿರೋ ನಿಯಮ. ಇದೂ ಮೂಲದಲ್ಲಿ ಇರಲಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಂ.ಎ.ಆರ್. ಬಾರ್ಕರ್ ಅವರ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಆಟದಲ್ಲಿ 1975ರಲ್ಲೇ ಅದು ಅಚ್ಚಾಗಿತ್ತು. ಗೈಗ್ಯಾಕ್ಸ್‌ಗೆ ಮಾತ್ರ ಇಷ್ಟ ಇರಲಿಲ್ಲ. ಡಿ ಅಂಡ್ ಡಿಯ ಮುಖ್ಯ ನಿಯಮದಲ್ಲಿ ಅದು ಸೇರಿದ್ದು 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ.

ಅವರ ವಿರೋಧದಲ್ಲಿ ಹುರುಳಿತ್ತು ಅನ್ನೋದು ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ನಿಯಮ ರಾಕ್ಷಸನಿಗೂ ಒಂದೇ, ಆಟಗಾರನಿಗೂ ಒಂದೇ. ಆದರೆ ಒಬ್ಬ ರಾಕ್ಷಸನ ಆಯಸ್ಸು ಒಂದು ಕಾಳಗ. ಆಟಗಾರನ ಪಾತ್ರ ನೂರು ಕಾಳಗ ನೋಡಬೇಕು. ಹಾಗಾಗಿ ದೊಡ್ಡ ಏಟು ಎಷ್ಟು ಜೋರಾದರೆ ಅಷ್ಟೂ ಪೆಟ್ಟು ಕೊನೆಗೆ ಬೀಳೋದು ಆಟಗಾರನಿಗೇ. ‘20 ಬಿದ್ದರೆ ಮೂರು ಪಟ್ಟು ಮಾಡೋಣ, ಮಜಾ ಇರುತ್ತೆ’ ಅನ್ನುವ ಆಟಗಾರರು ಇದನ್ನ ಯೋಚಿಸಿರೋದಿಲ್ಲ.

ಇನ್ನೊಂದು ಬಹಳ ಚಾಲ್ತಿಯಲ್ಲಿರೋ ಮನೆ ರೂಲ್: 1 ಬಿದ್ದರೆ ಬರೀ ಗುರಿ ತಪ್ಪೋದಲ್ಲ, ಕತ್ತಿ ಕೈಜಾರುತ್ತೆ ಅಥವಾ ಪಕ್ಕದವನಿಗೇ ತಾಗುತ್ತೆ. ಕೇಳೋಕೆ ತಮಾಷೆ. 2014ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಮೊದಲ ಹಂತದ ಯೋಧ ಒಂದು ಸರದಿಗೆ ಒಂದು ಸಲ ದಾಳಿ ಮಾಡ್ತಾನೆ. 20ನೇ ಹಂತ ಮುಟ್ಟಿದವನು ನಾಲ್ಕು ಸಲ. ಹೊಸಬ ಒಂದು ಸರದಿಯಲ್ಲಿ ಎಡವಟ್ಟು ಮಾಡಿಕೊಳ್ಳೋ ಸಾಧ್ಯತೆ ಶೇ.5. ಮಹಾಯೋಧನಿಗೆ ಶೇ.18.5! ಐದು ಸರದಿಯ ಒಂದು ಕಾಳಗದಲ್ಲಿ ಅವನು 20 ಸಲ ದಾಳ ಹಾಕ್ತಾನೆ, ಒಮ್ಮೆಯಾದರೂ 1 ಬೀಳೋ ಸಾಧ್ಯತೆ ಶೇ.64. ಪಕ್ಕದಲ್ಲಿ ಬೆಂಕಿ ಚೆಂಡು ಎಸೆಯೋ ಮಂತ್ರವಾದಿ ಆ ಮಂತ್ರಕ್ಕೆ ದಾಳವನ್ನೇ ಹಾಕಬೇಕಿಲ್ಲ, ತಪ್ಪಿಸಿಕೊಳ್ಳೋಕೆ ದಾಳ ಹಾಕಬೇಕಾದವರು ಶತ್ರುಗಳು. ಅವನಿಗೆ ಎಡವಟ್ಟಿನ ಭಯವೇ ಇಲ್ಲ. ಅಂದ್ರೆ ಇದು ಅನುಭವ ಹೆಚ್ಚಾದಷ್ಟೂ ಕೈ ನಡುಗಿಸುವ ನಿಯಮ. ಮೂವತ್ತು ವರ್ಷ ಕತ್ತರಿ ಹಿಡಿದ ಟೈಲರ್ ಹೊಸ ಹುಡುಗನಿಗಿಂತ ಜಾಸ್ತಿ ಸಲ ಬೆರಳು ಕೊಯ್ದುಕೊಳ್ತಾನೆ ಅಂದ ಹಾಗಾಯ್ತು. ಬೇಕೇ ಬೇಕು ಅನ್ನೋರು, ಸರದಿಯ ಮೊದಲ ದಾಳಕ್ಕೆ ಮಾತ್ರ ಅನ್ವಯಿಸಿ ಅಂತ ಮಾಡಿಕೊಂಡರೆ ಈ ಅನ್ಯಾಯ ತಪ್ಪುತ್ತೆ.

ಒಳ್ಳೆ ರೂಲ್ ಅಂದ್ರೆ ಯಾವುದು?

ಔಷಧಿ ಕುಡಿಯೋ ವಿಷಯ ನೋಡಿ. 2014ರ ನಿಯಮದಲ್ಲಿ ಗಾಯ ಮಾಯೋ ಔಷಧಿ ಕುಡಿಯೋಕೆ ಆ ಸರದಿಯ ಮುಖ್ಯ ಕೆಲಸವೇ ಖರ್ಚಾಗುತ್ತಿತ್ತು. ಔಷಧಿ ಕುಡಿದವನು ಕತ್ತಿ ಬೀಸುವಂತಿಲ್ಲ. ಹಾಗಾಗಿ ಕಷ್ಟಪಟ್ಟು ಸಂಪಾದಿಸಿದ ಔಷಧಿ ಜೋಳಿಗೆಯಲ್ಲೇ ಕೊಳೀತಿತ್ತು. ಎಷ್ಟೋ ಗುಂಪುಗಳು ‘ತಾನೇ ಕುಡಿದರೆ ಸಣ್ಣ ಕೆಲಸ, ಬೇರೆಯವರಿಗೆ ಕುಡಿಸಿದರೆ ದೊಡ್ಡ ಕೆಲಸ’ ಅಂತ ಬದಲಿಸಿಕೊಂಡವು. ನಿಜವಾದ ತೊಂದರೆ ಇತ್ತು, ಪರಿಹಾರ ಚಿಕ್ಕದು, ಎಲ್ಲ ಪಾತ್ರಕ್ಕೂ ಒಂದೇ. 2024ರ ಹೊಸ ಪುಸ್ತಕದಲ್ಲಿ ಔಷಧಿ ಕುಡಿಯೋದನ್ನು ಸಣ್ಣ ಕೆಲಸವಾಗಿಯೇ ಮಾಡಿದ್ದಾರೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಶತ್ರುವಿನ ಎರಡೂ ಕಡೆ ಇಬ್ಬರು ನಿಂತರೆ ಎರಡು ದಾಳ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು ಅನ್ನೋದು 2014ರ ಪುಸ್ತಕದಲ್ಲಿ ಬೇಕಾದವರು ಬಳಸಬಹುದಾದ ನಿಯಮ. ಆದರೆ ಈ ‘ಎರಡು ದಾಳ’ದ ಅನುಕೂಲ ಎಷ್ಟು ಕಾರಣಕ್ಕೆ ಸಿಕ್ಕರೂ ದಾಳ ಎರಡೇ, ಮೂರು ನಾಲ್ಕು ಆಗಲ್ಲ. ಅಕ್ಕಪಕ್ಕ ನಿಂತರೇ ಅನುಕೂಲ ಸಿಗೋದಾದರೆ, ಅಡಗಿ ಕೂರೋದು, ಶತ್ರುವನ್ನ ಬೀಳಿಸೋದು, ಗೆಳೆಯನಿಗೆ ನೆರವಾಗೋದು, ಇವೆಲ್ಲ ಯಾರಿಗೆ ಬೇಕು? ಎಲ್ಲರೂ ಸಾಲಾಗಿ ನಿಲ್ಲೋ ಕಾಳಗ ಆಗಿಬಿಡುತ್ತೆ. ಚಿಕ್ಕದಾಗಿ +2 ಅಂಕ ಕೊಡೋಣ ಅಂತ ಕೆಲವು ಗುಂಪಿನವರು ಮಾಡಿಕೊಂಡಿರೋದು ಈ ಕಾರಣಕ್ಕೇ.

ಹೊಸ ನಿಯಮ ತರೋ ಮೊದಲು ‘ಇದರಿಂದ ಯಾವ ತೊಂದರೆ ಹೋಗುತ್ತೆ?’ ಅಂತ ಒಂದು ವಾಕ್ಯದಲ್ಲಿ ಹೇಳೋಕೆ ಆಗಬೇಕು. ಹೇಳೋಕೆ ಬರದಿದ್ದರೆ ಆ ನಿಯಮ ಬೇಡ. ಎಷ್ಟೋ ಸಲ ಪುಸ್ತಕದಲ್ಲಿ ಉತ್ತರ ಇರುತ್ತೆ, ಯಾರೂ ಓದಿರಲ್ಲ ಅಷ್ಟೇ. ಆಮೇಲೆ, ಇದೇ ನಿಯಮವನ್ನ ಶತ್ರುಗಳು ನಮ್ಮ ಮೇಲೆ ಬಳಸಿದರೆ ಹೇಗೆ ಅಂತ ಕೇಳಿಕೊಳ್ಳಿ. ಅರ್ಧ ಉತ್ಸಾಹ ಅಲ್ಲೇ ಇಳಿಯುತ್ತೆ.

ಮಾತಾಡಬೇಕಾದ್ದು ಯಾವಾಗ?

ಆಟ ಶುರುವಾಗೋ ಮುಂಚಿನ ದಿನ. ಆಡುವವರು ಇದಕ್ಕೆ ‘ಸೆಷನ್ ಜೀರೋ’ ಅಂತಾರೆ. ಆವತ್ತು ಕಾಳಗ ಇಲ್ಲ, ಬರೀ ಚಹಾ ಮತ್ತು ಮಾತು. ಯಾವ ಮನೆ ರೂಲ್ ಇರುತ್ತೆ, ಪಾತ್ರ ಸತ್ತರೆ ಏನು, ವಾರಕ್ಕೆ ಒಬ್ಬರು ಬರದಿದ್ದರೆ ಆಟ ನಡೆಯುತ್ತಾ ಇಲ್ಲವಾ, ಎಲ್ಲ ಆವತ್ತೇ ತೀರ್ಮಾನ. ಒಂದು ಹಾಳೆಯಲ್ಲಿ ಬರೆದು ಎಲ್ಲರ ಫೋನಿಗೂ ಕಳಿಸಿಬಿಡಿ. ಬಾಯಿಮಾತು ಮೂರು ತಿಂಗಳಿಗೆ ಮೂರು ರೂಪ ಪಡೆಯುತ್ತೆ, ಸಾಲದ ಲೆಕ್ಕ ಬರೆಯೋ ಅಂಗಡಿಯವರಿಗೆ ಇದನ್ನ ಹೇಳಬೇಕಾಗಿಲ್ಲ.

ಕಥೆಯಲ್ಲಿ ಏನು ಬರಬಾರದು ಅನ್ನೋದನ್ನೂ ಆವತ್ತೇ ಹೇಳಿಕೊಳ್ಳೋದು ಒಳ್ಳೇದು. ಮಕ್ಕಳಿಗೆ ಹಿಂಸೆ, ಆತ್ಮಹತ್ಯೆ ಇಂಥ ವಿಷಯ ಕೆಲವರಿಗೆ ಆಟ ಆಗಿರೋದಿಲ್ಲ, ಮನೆಯಲ್ಲಿ ನಡೆದ ಸಂಗತಿ ಆಗಿರುತ್ತೆ. ಜಾನ್ ಸ್ಟಾವ್ರೋಪೌಲೋಸ್ ಅನ್ನುವವರು ರೂಪಿಸಿದ ‘ಎಕ್ಸ್ ಕಾರ್ಡ್’ ಬಹಳ ಸರಳ. ಮೇಜಿನ ಮಧ್ಯೆ ಗುಣಾಕಾರ ಗುರುತಿನ ಒಂದು ಚೀಟಿ ಇಟ್ಟಿರಬೇಕು. ಯಾರಾದರೂ ಅದನ್ನು ಮುಟ್ಟಿದರೆ ಆ ಸನ್ನಿವೇಶ ಬಿಟ್ಟು ಮುಂದಕ್ಕೆ ಹೋಗಬೇಕು. ಯಾಕೆ ಅಂತ ಕೇಳುವಂತಿಲ್ಲ.

ಆಟದ ಮಧ್ಯೆ ಪುಸ್ತಕದಲ್ಲಿಲ್ಲದ ಪ್ರಶ್ನೆ ಬಂದರೆ? ಮಾಸ್ಟರ್ ಹೇಳಿದ್ದೇ ಆ ಹೊತ್ತಿನ ಮಟ್ಟಿಗೆ ಕೊನೆ ಮಾತು. ಅರ್ಧ ಗಂಟೆ ವಾದ ಮಾಡಿದರೆ ಉಳಿದವರು ಮೊಬೈಲ್ ನೋಡ್ತಾ ಕೂರ್ತಾರೆ. ಬೈಠಕ್ ಮುಗಿದ ಮೇಲೆ ಮಾತಾಡಿ, ಮುಂದಿನ ವಾರದಿಂದ ಬದಲಿಸಲಿ. ಹಿಂದೆ ಆಗಿಹೋದ ದಾಳಕ್ಕೆ ಹೊಸ ನಿಯಮ ಅನ್ವಯಿಸೋದು ಮಾತ್ರ ಬೇಡವೇ ಬೇಡ, ಅದು ಯಾರ ಪರವಾಗಿ ಆದರೂ ಸರಿ. ಹೊಸ ರೂಲ್ ತಂದರೆ ಮೂರ್ನಾಲ್ಕು ಬೈಠಕ್ ಪರೀಕ್ಷೆ ಮಾಡಿ, ಸರಿಹೋಗದಿದ್ದರೆ ಕೈಬಿಡಿ. ಮಾಸ್ಟರ್‌ಗೂ ಅದರಲ್ಲಿ ಮರ್ಯಾದೆ ಪ್ರಶ್ನೆ ಇಲ್ಲ.

ಪುಸ್ತಕ ದುಬಾರಿ ಅಲ್ವಾ?

ಬಣ್ಣದ ದಪ್ಪ ಪುಸ್ತಕಗಳು ದುಬಾರಿ ನಿಜ, ಆದರೆ ಶುರು ಮಾಡೋಕೆ ಅವು ಬೇಕಿಲ್ಲ. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದಾರೆ. ಇಂಗ್ಲಿಷ್‌ನಲ್ಲಿದೆ, ಪುಕ್ಕಟೆ ಇಳಿಸಿಕೊಳ್ಳಬಹುದು. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತರಬಹುದು, ತಿದ್ದಬಹುದು, ಮುದ್ರಿಸಿ ಮಾರಲೂಬಹುದು. ಹೊಸದಾಗಿ ಶುರು ಮಾಡೋ ಗುಂಪು ಮೊದಲ ಐದಾರು ಬೈಠಕ್ ಇದ್ದ ಹಾಗೇ ಆಡಿ, ಎಲ್ಲೆಲ್ಲಿ ತೊಡಕಾಯ್ತು ಅಂತ ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಂಡರೆ, ಯಾವ ಮನೆ ರೂಲ್ ಬೇಕು ಅನ್ನೋದು ತಾನಾಗೇ ತಿಳಿಯುತ್ತೆ.

ದಾಳ ಏಳರ ಸೆಟ್ಟಾಗಿ ಆನ್‌ಲೈನ್‌ನಲ್ಲಿ ಸಿಗುತ್ತೆ. ಮೊಬೈಲ್‌ನಲ್ಲೂ ದಾಳದ ಆ್ಯಪ್ ಇವೆ. ಎರಡೂ ಬೇಡ ಅಂದರೆ 1ರಿಂದ 20ರ ತನಕ ಚೀಟಿ ಬರೆದು ಒಂದು ಡಬ್ಬಿಗೆ ಹಾಕಿ ಎತ್ತಬಹುದು. ಎತ್ತಿದ ಚೀಟಿಯನ್ನು ಪ್ರತಿ ಸಲ ವಾಪಸ್ ಡಬ್ಬಿಗೆ ಹಾಕಿ ಕುಲುಕಬೇಕು. ಇಲ್ಲದಿದ್ದರೆ 20 ಒಮ್ಮೆ ಬಂದಮೇಲೆ ಡಬ್ಬಿ ಖಾಲಿ ಆಗೋ ತನಕ ಇನ್ಯಾರಿಗೂ ಅದು ಸಿಗೋದಿಲ್ಲ.