ಓದಿದ ಪುಸ್ತಕವನ್ನೇ ಮತ್ತೆ ಓದುವುದು ಸಮಯ ಹಾಳೇ? ಏಕಾಂತದ ಓದಿಗೆ ಎಂಥ ಪುಸ್ತಕ ಬೇಕು?

ಡಿಸೆಂಬರ್ ಬಂತೆಂದರೆ ಸಾಮಾಜಿಕ ಜಾಲತಾಣಗಳಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ಈ ವರ್ಷ 30 ಪುಸ್ತಕ ಓದಿದೆ, 52 ಓದಿದೆ ಎಂದು ಪುಸ್ತಕಗಳನ್ನು ಜೋಡಿಸಿಟ್ಟ ಫೋಟೊಗಳು ಹರಿದಾಡುತ್ತವೆ. 'ಕರ್ವಾಲೊ' ಕಾದಂಬರಿಯನ್ನು ಐದನೇ ಸಲ ಓದಿ ಮುಗಿಸಿದವರಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಮನೆಯಲ್ಲೂ ಅಷ್ಟೇ, "ಅದನ್ನೇ ಎಷ್ಟು ಸಲ ಓದ್ತೀಯಾ? ಬೇರೆ ಪುಸ್ತಕ ಇಲ್ವಾ?" ಎಂಬ ಪ್ರಶ್ನೆ ತಪ್ಪುವುದಿಲ್ಲ. ಓದುವವರಿಗೂ ಒಳಗೊಳಗೇ ಅಳುಕು. ಹೊಸದನ್ನು ಓದುವ ಶಕ್ತಿ ಇಲ್ಲದ್ದಕ್ಕೆ ಹಳೆಯದಕ್ಕೆ ಅಂಟಿಕೊಂಡಿದ್ದೇವೆಯೇ, ಇದು ಸೋಮಾರಿತನವೇ ಎಂಬ ಅನುಮಾನ.

ಮರು ಓದಿನ ಬಗ್ಗೆ ಮನೋವಿಜ್ಞಾನದಲ್ಲಿ ಸಾಕಷ್ಟು ಕೆಲಸ ನಡೆದಿದೆ. ಅದರಲ್ಲಿ ಕೆಲವು ಸಂಗತಿಗಳು ನಾವು ಅಂದುಕೊಂಡದ್ದಕ್ಕೆ ತದ್ವಿರುದ್ಧವಾಗಿವೆ. ವಾಟ್ಸ್ಆ್ಯಪ್‌ನಲ್ಲಿ ಓದಿನ ಪರವಾಗಿ ಹರಿದಾಡುವ ಕೆಲವು ಮಾತುಗಳಿಗೂ ಗಟ್ಟಿ ಆಧಾರವಿಲ್ಲ. ಎರಡನ್ನೂ ನೋಡೋಣ.

ಕೊನೆ ಗೊತ್ತಿದ್ದರೆ ಏನು ಮಜಾ?

ಮರು ಓದಿನ ಮೇಲಿರುವ ಮೊದಲ ಆರೋಪ ಇದು. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಪತ್ತೇದಾರಿ ಕಾದಂಬರಿಯಲ್ಲಿ ಉಳಿಯುವುದೇನು? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಇದನ್ನೇ ಪರೀಕ್ಷಿಸಿದರು. 12 ಸಣ್ಣಕಥೆಗಳನ್ನು ಆರಿಸಿ, ಕೆಲವರಿಗೆ ಕೊನೆಯನ್ನು ಮೊದಲೇ ಹೇಳಿ, ಕೆಲವರಿಗೆ ಹೇಳದೆ ಓದಲು ಕೊಟ್ಟರು. ಕೊನೆ ಗೊತ್ತಿದ್ದವರೇ ಕಥೆಗಳಿಗೆ ಹೆಚ್ಚು ಅಂಕ ಕೊಟ್ಟರು! ಆದರೆ ಇದನ್ನೇ ಅಂತಿಮ ತೀರ್ಪು ಎನ್ನುವಂತಿಲ್ಲ. ಆಮೇಲೆ ನಡೆದ ಬೇರೆ ಅಧ್ಯಯನಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ಕೊನೆ ಗೊತ್ತಿದ್ದರೆ ಓದಿನ ಸುಖ ಪೂರ್ತಿ ನಾಶವಾಗುತ್ತದೆ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ.

ನಿಜ ಹೇಳಬೇಕೆಂದರೆ ಈ ಉತ್ತರಕ್ಕಾಗಿ ಕನ್ನಡಿಗರು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲ ಎಂಬುದು ಯಕ್ಷಗಾನ ನೋಡಲು ಕೂತ ಪುಟ್ಟ ಮಕ್ಕಳಿಗೂ ಗೊತ್ತು. ಆದರೂ ಆ ಪ್ರಸಂಗ ಬಂದಾಗ ಎದೆ ಹೊಡೆದುಕೊಳ್ಳುತ್ತದೆ. ಶಿವಮೊಗ್ಗದ ಹೊಸಹಳ್ಳಿ, ಮತ್ತೂರುಗಳಲ್ಲಿ ಕುಮಾರವ್ಯಾಸನ ಗಮಕ ಕೇಳಲು ಬರುವವರು ಕಥೆ ತಿಳಿಯಲೆಂದು ಬರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಗೆರಿಗ್ 1980ರ ದಶಕದಲ್ಲಿ ಈ ವಿಚಿತ್ರವನ್ನು ಪ್ರಯೋಗಕ್ಕೆ ಒಡ್ಡಿದರು. ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷ ಎಂಬುದು ಅಲ್ಲಿಯವರಿಗೆ ಬಾಯಿಪಾಠ. ಆದರೆ 'ಅವರು ಅಧ್ಯಕ್ಷರಾಗಲು ಒಪ್ಪುತ್ತಾರೋ ಇಲ್ಲವೋ' ಎಂಬ ಕುತೂಹಲ ಹುಟ್ಟಿಸುವ ಕಥೆ ಓದಿಸಿದ ಮೇಲೆ, ಗೊತ್ತಿದ್ದ ಆ ಸತ್ಯವನ್ನು ಹೌದು ಎನ್ನಲು ಜನ ಹೆಚ್ಚು ಹೊತ್ತು ತೆಗೆದುಕೊಂಡರು. ಕಥೆಯೊಳಗೆ ಇಳಿದಾಗ ಮನಸ್ಸು ತನಗೆ ಗೊತ್ತಿರುವುದನ್ನು ಸ್ವಲ್ಪ ಬದಿಗೆ ಸರಿಸುತ್ತದೆ.

ಇನ್ನು ಬೇಸರದ ಮಾತು. ಶಿಕಾಗೊ ವಿಶ್ವವಿದ್ಯಾಲಯದ ಎಡ್ ಒಬ್ರಯನ್ 2019ರಲ್ಲಿ ಪ್ರಕಟಿಸಿದ ಸರಣಿ ಪ್ರಯೋಗಗಳಲ್ಲಿ ಜನರನ್ನು ಒಮ್ಮೆ ನೋಡಿದ ಪ್ರದರ್ಶನ, ಸಿನಿಮಾ, ಆಡಿದ ಗೇಮ್‌ಗಳಿಗೇ ಮತ್ತೆ ಕಳಿಸಲಾಯಿತು. ಎರಡನೇ ಸಲ ಎಷ್ಟು ಬೋರ್ ಆಗಬಹುದು ಎಂದು ಜನ ಊಹಿಸಿದ್ದರೋ ಅಷ್ಟು ಆಗಲಿಲ್ಲ. ಮೊದಲ ಸಲ ಕಣ್ಣಿಗೆ ಬೀಳದ್ದು ಇನ್ನೂ ಬಹಳ ಇತ್ತು. ಅಲ್ಲಿ ಬಳಸಿದ್ದು ಪುಸ್ತಕಗಳನ್ನಲ್ಲ, ಆದರೂ 'ಇದರಲ್ಲಿ ಇನ್ನೇನಿದೆ' ಎಂಬ ನಮ್ಮ ಅಂದಾಜು ಎಷ್ಟು ಕಚ್ಚಾ ಎಂಬುದನ್ನು ಅದು ತೋರಿಸುತ್ತದೆ.

ಪುಸ್ತಕ ಅದೇ, ಓದುವವರು ಅದೇ ಅಲ್ಲ

ನಮಗೆ ಅತ್ಯಂತ ಇಷ್ಟವಾದ ಪ್ರಯೋಗ ಇನ್ನೂ ಹಳೆಯದು. 1970ರ ದಶಕದಲ್ಲಿ ಜೇಮ್ಸ್ ಪಿಚರ್ಟ್ ಮತ್ತು ರಿಚರ್ಡ್ ಆ್ಯಂಡರ್ಸನ್ ಒಂದು ಪುಟ್ಟ ಕಥೆ ಓದಿಸಿದರು. ಇಬ್ಬರು ಹುಡುಗರು ಶಾಲೆಗೆ ಚಕ್ಕರ್ ಹೊಡೆದು ಒಬ್ಬನ ಮನೆಗೆ ಹೋಗುತ್ತಾರೆ. ಮನೆಯ ವರ್ಣನೆ ಬರುತ್ತದೆ: ಸೋರುವ ಮಾಡು, ತೇವ ಹಿಡಿದ ನೆಲಮಾಳಿಗೆ, ಬಣ್ಣದ ಟಿವಿ, ಹಳೆ ನಾಣ್ಯಗಳ ಸಂಗ್ರಹ. ಕೆಲವರಿಗೆ 'ನೀವು ಈ ಮನೆ ಕೊಳ್ಳಲು ಬಂದವರು ಅಂದುಕೊಂಡು ಓದಿ' ಎಂದರು. ಉಳಿದವರಿಗೆ 'ನೀವು ಕಳ್ಳರು ಅಂದುಕೊಳ್ಳಿ' ಎಂದರು. ಕೊಳ್ಳುವವರಿಗೆ ಸೋರುವ ಮಾಡು ನೆನಪಿನಲ್ಲಿ ಉಳಿಯಿತು, ಕಳ್ಳರಿಗೆ ನಾಣ್ಯಗಳು. ಅದರ ಮುಂದಿನ ಪ್ರಯೋಗ ಇನ್ನೂ ಸ್ವಾರಸ್ಯಕರ. ಕಥೆಯನ್ನು ಮತ್ತೆ ಕೊಡದೆ, ಪಾತ್ರ ಮಾತ್ರ ಅದಲುಬದಲು ಮಾಡಿ ನೆನಪಿಸಿಕೊಳ್ಳಲು ಹೇಳಿದಾಗ, ಮೊದಲು ನೆನಪಿಗೇ ಬಾರದಿದ್ದ ವಿವರಗಳು ಹೊರಬಂದವು.

ಈ ಪ್ರಯೋಗದಲ್ಲಿ ಪಾತ್ರ ಬದಲಿಸಿದ್ದು ಸಂಶೋಧಕರು. ನಿಜ ಜೀವನದಲ್ಲಿ ಆ ಕೆಲಸವನ್ನು ವಯಸ್ಸು, ಮದುವೆ, ಕೆಲಸ, ಸಾವು-ನೋವುಗಳು ಮಾಡುತ್ತವೆ. ಪಿಯುಸಿಯಲ್ಲಿ ಓದಿದಾಗ 'ಕರ್ವಾಲೊ' ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಸಾಹಸ. ಹತ್ತು ವರ್ಷ ಬಿಟ್ಟು ಓದಿದರೆ, ಊರವರು ದಡ್ಡನೆಂದು ತಳ್ಳಿಹಾಕಿದ ಮಂದಣ್ಣನನ್ನು ಒಬ್ಬ ವಿಜ್ಞಾನಿ ಯಾಕೆ ಅಷ್ಟು ಗೌರವದಿಂದ ಕಾಣುತ್ತಾನೆ ಎಂಬ ಪ್ರಶ್ನೆಯೇ ಕಾದಂಬರಿಯಾಗಿ ಕಾಣುತ್ತದೆ. 'ಮೂಕಜ್ಜಿಯ ಕನಸುಗಳು' ಕೂಡ ಹಾಗೆಯೇ. ಚಿಕ್ಕಂದಿನಲ್ಲಿ ಅಜ್ಜಿಗೆ ಕಾಣುವ ದೃಶ್ಯಗಳೇ ಬೆರಗು. ಆಮೇಲೆ ಬಾಲವಿಧವೆಯಾಗಿ ಆಯುಷ್ಯ ಕಳೆದ ಹೆಂಗಸೊಬ್ಬಳು ಯಾರನ್ನೂ ದೂರದೆ ಹೀಗೆ ಮಾತನಾಡುತ್ತಿದ್ದಾಳಲ್ಲ ಎಂಬುದು ತಟ್ಟುತ್ತದೆ. ಅಕ್ಷರ ಒಂದೂ ಬದಲಾಗಿರುವುದಿಲ್ಲ.

ನೆನಪು ಮೋಸ ಮಾಡುವುದನ್ನೂ ಇಲ್ಲಿ ಸೇರಿಸಬೇಕು. ಬ್ರಿಟನ್ನಿನ ಫ್ರೆಡರಿಕ್ ಬಾರ್ಟ್ಲೆಟ್ 1932ರ ತಮ್ಮ ಪುಸ್ತಕದಲ್ಲಿ, ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷ್ ಓದುಗರು ಹೇಗೆ ನೆನಪಿಟ್ಟುಕೊಂಡರು ಎಂದು ವಿವರಿಸಿದ್ದಾರೆ. ದಿನ ಕಳೆದಂತೆ ಕಥೆ ಚಿಕ್ಕದಾಯಿತು, ಅರ್ಥವಾಗದ ಭಾಗಗಳು ಬಿದ್ದುಹೋದವು, ಅಪರಿಚಿತ ವಸ್ತುಗಳ ಜಾಗಕ್ಕೆ ಪರಿಚಿತ ವಸ್ತುಗಳು ಬಂದವು. ನಾವು 'ಓದಿದ್ದೇನೆ' ಎನ್ನುವ ಪುಸ್ತಕ ಹಲವು ಸಲ ಹೀಗೆ ನಾವೇ ತಿದ್ದಿಟ್ಟುಕೊಂಡ ಪ್ರತಿ.

ಪರೀಕ್ಷೆಗೆ ಓದುವವರಿಗೆ ಒಂದು ಮಾತು

ಇಷ್ಟೆಲ್ಲ ಕೇಳಿ ಪಠ್ಯಪುಸ್ತಕವನ್ನೂ ಹತ್ತು ಸಲ ತಿರುವಿ ಹಾಕಿದರೆ ಪ್ರಯೋಜನ ಕಡಿಮೆ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಕಲಿಕೆಯ ಹತ್ತು ವಿಧಾನಗಳನ್ನು ತೂಗಿ ನೋಡಿದಾಗ, ಬರೀ ಮತ್ತೆ ಮತ್ತೆ ಓದುವುದು ಮತ್ತು ಗೆರೆ ಎಳೆಯುವುದು ಕೆಳಗಿನ ಸಾಲಿನಲ್ಲಿದ್ದವು. ಪುಸ್ತಕ ಮುಚ್ಚಿ ತನ್ನನ್ನೇ ಪ್ರಶ್ನಿಸಿಕೊಳ್ಳುವುದು, ದಿನಗಳ ಅಂತರ ಕೊಟ್ಟು ಓದುವುದು ಮೇಲಿದ್ದವು. ಮರು ಓದು ಪರಿಚಯದ ಭಾವವನ್ನು ಕೊಡುತ್ತದೆ, ಅದನ್ನೇ ನಾವು ಕಲಿತೆವು ಎಂದುಕೊಳ್ಳುತ್ತೇವೆ. ಕಾದಂಬರಿಗೆ ವರವಾದದ್ದು ಸಿಇಟಿಗೆ ಶಾಪ.

ಏಕಾಂತ ಬೇರೆ, ಒಂಟಿತನ ಬೇರೆ

ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿರುವುದು ಒಳ್ಳೆಯದಾಯಿತು. ಏಕಾಂತ ನಾವು ಆರಿಸಿಕೊಂಡದ್ದು, ಒಂಟಿತನ ನಮ್ಮ ಮೇಲೆ ಬಂದು ಬಿದ್ದದ್ದು. ಆರಿಸಿಕೊಂಡರೂ ಸುಮ್ಮನೆ ಒಬ್ಬರೇ ಕೂರುವುದು ಸುಲಭವಲ್ಲ. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತಿಮೊತಿ ವಿಲ್ಸನ್ ಮತ್ತು ತಂಡ ಪ್ರಕಟಿಸಿದ ಅಧ್ಯಯನದಲ್ಲಿ, 15 ನಿಮಿಷ ಖಾಲಿ ಕೋಣೆಯಲ್ಲಿ ತಮ್ಮ ಯೋಚನೆಗಳೊಂದಿಗೆ ಕೂತವರಿಗೆ ಒಂದು ಗುಂಡಿ ಕೊಡಲಾಗಿತ್ತು. ಒತ್ತಿದರೆ ಸಣ್ಣ ಕರೆಂಟ್ ಶಾಕ್. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿಕೊಂಡರು! ನಮ್ಮ ಕಾಲದಲ್ಲಿ ಆ ಗುಂಡಿಯ ಕೆಲಸವನ್ನು ಮೊಬೈಲ್ ಮಾಡುತ್ತದೆ ಎಂದರೆ ತಪ್ಪಾಗಲಾರದು.

ಥುಯ್-ವಿ ನ್ಗುಯೆನ್, ರಿಚರ್ಡ್ ರಯನ್ ಮತ್ತು ಎಡ್ವರ್ಡ್ ಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇನ್ನೊಂದು ಬದಿಯನ್ನು ತೋರಿಸಿದವು. 15 ನಿಮಿಷದ ಏಕಾಂತ ನಮ್ಮ ಭಾವನೆಗಳ ಜೋರನ್ನು ಇಳಿಸುತ್ತದೆ. ಸಿಟ್ಟು, ಆತಂಕ ಇಳಿದಂತೆ ಉತ್ಸಾಹವೂ ಇಳಿಯುತ್ತದೆ. ಅದು ಶಾಂತಿಯಾಗಿ ಉಳಿಯುತ್ತದೋ ಖಿನ್ನತೆಗೆ ಜಾರುತ್ತದೋ ಎಂಬುದು, ನಾವು ಆ ಏಕಾಂತವನ್ನು ಇಷ್ಟಪಟ್ಟು ಆರಿಸಿಕೊಂಡೆವೇ ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿದೆ.

ಪರಿಚಿತ ಪುಸ್ತಕ ಕೆಲಸಕ್ಕೆ ಬರುವುದು ಇಲ್ಲಿ. ಯಾರು ಯಾರಿಗೆ ಏನಾಗಬೇಕು, ಯಾವ ಊರು ಎಲ್ಲಿದೆ ಎಂದು ಮೊದಲಿನಿಂದ ಕಟ್ಟಿಕೊಳ್ಳುವ ಶ್ರಮ ಇಲ್ಲ. ಮರು ಓದಿನಲ್ಲಿ ಕಣ್ಣು ಪದಗಳ ಮೇಲೆ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ, ಹಿಂದಕ್ಕೆ ಹೋಗಿ ನೋಡುವುದೂ ಕಡಿಮೆಯಾಗುತ್ತದೆ ಎಂದು ಕಣ್ಣಿನ ಚಲನೆಯ ಅಧ್ಯಯನಗಳು ಹೇಳುತ್ತವೆ. ದಿನವಿಡೀ ದುಡಿದು ಪಿಜಿ ಕೋಣೆಗೆ ಬಂದು ಬಿದ್ದವರಿಗೆ ಹೊಸ ಕಾದಂಬರಿಯ ಮೊದಲ ಐವತ್ತು ಪುಟ ಬೆಟ್ಟ ಹತ್ತಿದ ಹಾಗೆ. ಹಳೆಯದಾದರೆ ಯಾವ ಪುಟದಿಂದ ಬೇಕಾದರೂ ಒಳಗೆ ಹೋಗಬಹುದು.

'ಆರು ನಿಮಿಷ ಓದಿದರೆ ಒತ್ತಡ ಶೇ. 68ರಷ್ಟು ಇಳಿಯುತ್ತದೆ' ಎಂಬ ಮಾತನ್ನು ನೀವು ನೋಡಿಯೇ ಇರುತ್ತೀರಿ. 2009ರಲ್ಲಿ ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ಸುದ್ದಿಯಾದ ಪ್ರಯೋಗ ಅದು. ತಜ್ಞರು ಪರಿಶೀಲಿಸುವ ವಿಜ್ಞಾನ ಪತ್ರಿಕೆಯಲ್ಲಿ ಅದು ಪ್ರಕಟವಾಗಲಿಲ್ಲ. ಓದು ಮನಸ್ಸನ್ನು ತಣಿಸಬಹುದು, ನಿಜ. ಆದರೆ ಈ 68 ಎಂಬ ಅಂಕಿಯನ್ನು ನಂಬಿ ಯಾರಿಗೂ ಫಾರ್ವರ್ಡ್ ಮಾಡಬೇಡಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ ಅದಕ್ಕೆ ಮದ್ದು ಪುಸ್ತಕವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಒಬ್ಬರೇ ಕೂತು ಓದುವ ಮಗ ಅಥವಾ ಅಪ್ಪ ಊಟಕ್ಕೂ ಏಳುತ್ತಿಲ್ಲ, ಮಾತೂ ನಿಲ್ಲಿಸಿದ್ದಾರೆ ಎಂದಾದರೆ 'ಅವರಿಗೆ ಓದುವ ಹುಚ್ಚು' ಎಂದು ಮನೆಯವರು ಸುಮ್ಮನಾಗಬಾರದು.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳೋಣ?

ಇಲ್ಲಿಂದ ಮುಂದಿನದು ಬಹುಪಾಲು ನಮ್ಮ ಅಭಿಪ್ರಾಯ. ಕಪಾಟಿನ ಮುಂದೆ ನಿಂತು ಒಂದೊಂದು ಪುಸ್ತಕದ ಬೆನ್ನು ನೋಡಿ, ಅದನ್ನು ತೆರೆಯದೆ ಏನು ನೆನಪಿಗೆ ಬರುತ್ತದೆ ಎಂದು ಕೇಳಿಕೊಳ್ಳಿ. ಕೊನೆಯ ತಿರುವು ಮಾತ್ರ ನೆನಪಾದರೆ ಅದನ್ನು ಗೆಳೆಯರಿಗೆ ಕೊಟ್ಟುಬಿಡಬಹುದು. ಒಂದು ಮಳೆ, ಒಂದು ಅಡುಗೆಮನೆ, ಯಾರೋ ಮಾತನಾಡುವ ಧಾಟಿ ನೆನಪಾದರೆ ಅದು ಉಳಿಯಬೇಕಾದ ಪುಸ್ತಕ.

'ಮಲೆಗಳಲ್ಲಿ ಮದುಮಗಳು' ಈ ಲೆಕ್ಕದಲ್ಲಿ ದೊಡ್ಡ ಆಸ್ತಿ. 1967ರ ಈ ದಪ್ಪ ಕಾದಂಬರಿಯನ್ನು ಮೊದಲ ಸಲ ಓದುವವರು ಹೆಸರುಗಳ ಕಾಡಿನಲ್ಲಿ ದಾರಿ ತಪ್ಪುತ್ತಾರೆ. ಎರಡನೇ ಸಲಕ್ಕೆ ಗುತ್ತಿಯ ಹಿಂದೆಯೋ ಪೀಂಚಲುವಿನ ಹಿಂದೆಯೋ ಹೋಗಿ ಉಳಿದವರನ್ನು ಬಿಟ್ಟುಬಿಡಬಹುದು. ಗುತ್ತಿಯ ನಾಯಿ ಹುಲಿಯನ ಗತಿ ಗೊತ್ತಿದ್ದು ಓದುವಾಗ, ಅದು ಸುಮ್ಮನೆ ಬಾಲ ಅಲ್ಲಾಡಿಸುವ ಪುಟಗಳೂ ಬೇರೆ ಥರ ಕಾಣುತ್ತವೆ. ಇದಕ್ಕೆ ತೀರಾ ಬೇರೆಯದು 'ಮಂಕುತಿಮ್ಮನ ಕಗ್ಗ'. 945 ಪದ್ಯಗಳನ್ನು ಒಂದೇ ಉಸಿರಿಗೆ ಓದಲು ಹೊರಟರೆ ಹತ್ತನೆಯದಕ್ಕೇ ಸಾಕಾಗುತ್ತದೆ. ದಿನಕ್ಕೆ ಒಂದೆರಡು ಸಾಕು. ಲಲಿತ ಪ್ರಬಂಧಗಳು, ಪ್ರವಾಸ ಕಥನಗಳು, ಬಿಡಿ ಕಥೆಗಳ ಸಂಕಲನಗಳು ಕೂಡ ಬಸ್ಸಿಗೆ ಕಾಯುವಷ್ಟು ಹೊತ್ತಿನ ಏಕಾಂತಕ್ಕೆ ಒಗ್ಗುತ್ತವೆ.

ದುಃಖದಲ್ಲಿದ್ದಾಗ ದುಃಖದ ಪುಸ್ತಕ ಓದಬಾರದು ಎಂದು ಕೆಲವರು ಹೇಳುತ್ತಾರೆ. ನಾವು ಅಷ್ಟು ಕಟ್ಟುನಿಟ್ಟು ಮಾಡುವುದಿಲ್ಲ. ಪುಸ್ತಕ ಕೆಳಗಿಟ್ಟಾಗ ಮನಸ್ಸು ಸ್ವಲ್ಪ ಸಡಿಲವಾಗಿದೆಯೇ, ಇಲ್ಲ ಅದೇ ಗಾಯವನ್ನು ಕೆರೆದುಕೊಳ್ಳುತ್ತಿದೆಯೇ ಎಂದು ನೋಡಿಕೊಂಡರೆ ಸಾಕು.

ಬಾಲ್ಯದ ಮೆಚ್ಚಿನ ಪುಸ್ತಕ ಈಗ ಸಪ್ಪೆ ಎನಿಸಬಹುದು, ಅದರಲ್ಲಿ ಜಾತಿಯ ಬಗ್ಗೆ, ಹೆಣ್ಣಿನ ಬಗ್ಗೆ ಇರುವ ಮಾತು ಚುಚ್ಚಬಹುದು. ಒಮ್ಮೆ ನೋಡಿದ ಸಿನಿಮಾ, ಓದಿದ ಪುಸ್ತಕ, ಹೋದ ಊರಿಗೆ ಮತ್ತೆ ಹೋಗುವವರನ್ನು ಸಂದರ್ಶಿಸಿ ಕ್ರಿಸ್ಟೆಲ್ ರಸೆಲ್ ಮತ್ತು ಸಿಡ್ನಿ ಲೆವಿ 2012ರಲ್ಲಿ ಬರೆದ ಪ್ರಬಂಧದ ಪ್ರಕಾರ, ಜನ ಹೀಗೆ ಮರಳುವುದು ಬರೀ ಹಳೆ ನೆನಪಿನ ಸುಖಕ್ಕಲ್ಲ. ತಾವು ಎಷ್ಟು ಬದಲಾಗಿದ್ದೇವೆ ಎಂದು ಅಳೆದು ನೋಡುವುದೂ ಅದರಲ್ಲಿದೆ. ಹಾಗಾಗಿ ಸಪ್ಪೆ ಎನಿಸಿದ ಓದು ವ್ಯರ್ಥ ಎನ್ನಬೇಕಾಗಿಲ್ಲ.

ಮೊಬೈಲಿನಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ ಎಂಬುದು ಅರ್ಧ ಸತ್ಯ. 2018ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾಹಿತಿ ಬರಹಗಳಲ್ಲಿ ಕಾಗದದ ಓದು ಮುಂದಿತ್ತು, ಕಥನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಥೆ ಓದಲು ತೆರೆ ಅಡ್ಡಿಯಲ್ಲ, ಮಧ್ಯೆ ಟಣ್ ಎಂದು ಬರುವ ನೋಟಿಫಿಕೇಶನ್ ಅಡ್ಡಿ. ಸಣ್ಣ ಅಕ್ಷರ ಓದಲಾಗದ ಹಿರಿಯರಿಗಂತೂ ಅಕ್ಷರ ದೊಡ್ಡದು ಮಾಡಬಹುದಾದ ತೆರೆ ವರದಾನ. ಕಣ್ಣು ಅದಕ್ಕೂ ಸಹಕರಿಸದಿದ್ದರೆ ಮನೆಯವರು ಯಾರಾದರೂ ಗಟ್ಟಿಯಾಗಿ ಓದಿ ಹೇಳಬಹುದು. ಆಗ ಅದು ಏಕಾಂತವಲ್ಲ ನಿಜ, ಆದರೆ ಕೇಳುವವರು ಬೇಡ ಎನ್ನುವುದಿಲ್ಲ.

ಇನ್ನೊಂದು ಸಣ್ಣ ಉಪಾಯ. ಪುಸ್ತಕ ಓದಿ ಮುಗಿದಾಗಲೆಲ್ಲ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ತಾರೀಕು, ಆಗ ಇದ್ದ ಊರು, ತಟ್ಟಿದ ಒಂದು ಪುಟದ ಸಂಖ್ಯೆ ಬರೆದಿಡಿ. ಮುಂದಿನ ಸಲ ಆ ಪುಟ ಬಂದಾಗ ನಿಲ್ಲಿ, ಅಲ್ಲಿ ಆಗ ಏನು ಕಂಡಿತ್ತು ಎಂದು ಹುಡುಕಿ. ಗ್ರಂಥಾಲಯದ ಪುಸ್ತಕವಾದರೆ ಮಾತ್ರ ಇದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.