ಅಂಗಳದಲ್ಲಿ ಅಳೆಯಬಹುದಾದ ಭೂಮಿ

ಕಿತ್ತೂರಿನ ಕೋಟೆಯೊಳಗೆ, 1824ರ ಯುದ್ಧದ ತರುವಾಯ ಹಾಳಾಗಿ ಉಳಿದ ಅರಮನೆಯ ಗೋಡೆಯಲ್ಲಿ, ದುಂಡನೆಯ ಕೊಳವೆಯೊಂದನ್ನು ಕೂಡಿಸಿರುವುದುಂಟು. ರಾಣಿ ಚೆನ್ನಮ್ಮನ ಸ್ಮರಣೆಯಿಂದ ತುಂಬಿದ ಆ ಸ್ಥಳದಲ್ಲಿ ಶೌರ್ಯದ ಮಾತೇ ಮೇಲಾಗುವುದು ಸಹಜವಾದ್ದರಿಂದ, ಈ ಕೊಳವೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಕಡಮೆ. ಆದರೆ ರಾತ್ರಿಯ ಹೊತ್ತು ಅದಕ್ಕೆ ಕಣ್ಣಿಟ್ಟವರಿಗೆ ಧ್ರುವನಕ್ಷತ್ರವು ಕಾಣಿಸುವುದೆಂಬುದನ್ನು ನೆನೆದರೆ, ಅದು ಕೇವಲ ಕೌತುಕದ ವಸ್ತುವಲ್ಲ, ಒಂದು ಮಾಪನಯಂತ್ರವೆಂದೇ ಹೇಳಬೇಕಾಗುತ್ತದೆ. ಏಕೆಂದರೆ, ಯಾವ ಊರಿನಲ್ಲಿ ಧ್ರುವನು ದಿಗಂತದಿಂದ ಎಷ್ಟು ಅಂಶ ಮೇಲಿರುವನೋ ಆ ಊರಿನ ಅಕ್ಷಾಂಶವೂ ಸುಮಾರು ಅಷ್ಟೇ. ಕಿತ್ತೂರಿನಲ್ಲಿ ಇದು ಹದಿನೈದೂವರೆ ಅಂಶಕ್ಕಿಂತ ತುಸು ಹೆಚ್ಚು. ಇದೇ ಕೊಳವೆಯನ್ನು ಇದೇ ಓರೆಯಲ್ಲಿ ಕಾಶಿಗೆ ಒಯ್ದು ನಿಲ್ಲಿಸಿದರೆ, ಅಲ್ಲಿ ಧ್ರುವನು 25 ಅಂಶಗಳ ಎತ್ತರದಲ್ಲಿರುವುದರಿಂದ, ಅದರೊಳಗೆ ಬರಿಯ ಕತ್ತಲೆ ಕಾಣಿಸೀತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮಕ್ಕಳಿಗೆ ಅಳತೆಯ ಮೊದಲ ಪಾಠವು ಈ ಗೋಡೆಯಿಂದಲೇ ಆರಂಭವಾಗತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಬೇಕಾದ ಸಾಮಗ್ರಿ ಮನೆಯಲ್ಲಿಯೇ ಉಂಟು. ಕಂಪಾಸು ಪೆಟ್ಟಿಗೆಯಲ್ಲಿನ ಅರ್ಧವೃತ್ತಾಕಾರದ ಕೋನಮಾಪಕದ ನೇರ ಅಂಚಿಗೆ ಖಾಲಿಯಾದ ಪೆನ್ನಿನ ಕೊಳವೆಯನ್ನು ಅಂಟಿಸಿ, ಮಧ್ಯಬಿಂದುವಿನಿಂದ ದಾರವನ್ನಿಳಿಸಿ, ಗೌಂಡಿಯ ತೂಕದ ಗುಂಡಿನಂತೆ ಅದರ ತುದಿಗೆ ಸಣ್ಣ ಕಲ್ಲೊಂದನ್ನು ಕಟ್ಟಿದರೆ ಯಂತ್ರವು ಸಿದ್ಧವಾಯಿತು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಉತ್ತರದಾಕಾಶದ ಸಪ್ತರ್ಷಿಮಂಡಲದಲ್ಲಿ ಪುಲಹ, ಕ್ರತು ಎಂಬೆರಡು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ಮುಂದಕ್ಕೆ ಎಳೆದಲ್ಲಿ ಅದು ಧ್ರುವನನ್ನು ಮುಟ್ಟುವುದು. ತೋಳನ್ನು ನೀಳವಾಗಿ ಚಾಚಿ ಹಿಡಿದ ಮುಷ್ಟಿಯು ಸುಮಾರು 10 ಅಂಶಗಳನ್ನು ಮರೆಮಾಡುವುದರಿಂದ, ದಿಗಂತದಿಂದ ಒಂದೂವರೆ ಮುಷ್ಟಿಯ ಮೇಲೆ ಅವನನ್ನು ಹುಡುಕಿದರೂ ಸಾಕು. ಮಗುವಿನ ಮುಷ್ಟಿ ಚಿಕ್ಕದಾದರೆ ತೋಳೂ ಗಿಡ್ಡವಾಗಿರುವುದಷ್ಟೆ. ಆದಕಾರಣ ಈ ಲೆಕ್ಕವು ಅಜ್ಜನಿಗೂ ಮೊಮ್ಮಗಳಿಗೂ ಒಂದೇ ರೀತಿಯಾಗಿ ಒಪ್ಪುತ್ತದೆ. ಕೊಳವೆಯೊಳಗೆ ನಕ್ಷತ್ರವು ಸಿಕ್ಕಿದೊಡನೆ ದಾರವನ್ನು ಬೆರಳಿನಿಂದ ಒತ್ತಿಹಿಡಿದು, ಅದು ತೋರಿದ ಅಂಕಕ್ಕೂ 90ಕ್ಕೂ ಇರುವ ವ್ಯತ್ಯಾಸವನ್ನು ತೆಗೆಯುವುದು.

ನಿಜವಾದ ಪಾಠವು ಮೊದಲಾಗುವುದು ಈ ಅಂಕಿಯನ್ನು ಬರೆದುಕೊಂಡ ಮೇಲೆ. ತಂದೆಗೆ 15 ಬಂದರೆ ಮಗಳಿಗೆ 17 ಬಂದೀತು, ಅದೇ ಮಗಳಿಗೆ ಮತ್ತೊಮ್ಮೆ 16 ಬಂದೀತು. ಕಿತ್ತೂರಿಗೂ ರಾಮದುರ್ಗಕ್ಕೂ ಅಕ್ಷಾಂಶದಲ್ಲಿರುವ ಅಂತರವಾದರೋ ಒಂದು ಅಂಶದ ಮೂರನೆಯ ಒಂದು ಪಾಲು ಮಾತ್ರ. ಧ್ರುವನಕ್ಷತ್ರವೂ ನಿಜವಾದ ಧ್ರುವಬಿಂದುವಿನಲ್ಲಿ ನಿಂತಿಲ್ಲ. ಇಂದು ಅದು ಮುಕ್ಕಾಲು ಅಂಶಕ್ಕಿಂತ ತುಸು ಕಡಮೆ ದೂರದಲ್ಲಿ ಸುತ್ತುತ್ತಿದೆ, ಚೆನ್ನಮ್ಮನ ಕಾಲದಲ್ಲಿ ಒಂದೂವರೆ ಅಂಶಕ್ಕೂ ಹೆಚ್ಚು ದೂರದಲ್ಲಿ ಸುತ್ತುತ್ತಿದ್ದಿತು. ಹೀಗಿರುವಲ್ಲಿ ಈ ಯಂತ್ರದಿಂದ ನಾವು ಕಾಶ್ಮೀರದಲ್ಲಿಲ್ಲವೆಂದು ಸಾಧಿಸಬಹುದೇ ಹೊರತು, ಕಿತ್ತೂರಿನಲ್ಲಿದ್ದೇವೆಯೋ ರಾಮದುರ್ಗದಲ್ಲಿದ್ದೇವೆಯೋ ಎಂಬುದನ್ನು ನಿರ್ಣಯಿಸಲಾಗದು. ಅಂಕಿಯೊಂದು ಎಷ್ಟರಮಟ್ಟಿಗೆ ನಂಬಲರ್ಹವೆಂಬುದನ್ನು ಅಂಕಿಯ ಜೊತೆಗೇ ಹೇಳುವ ಈ ಅಭ್ಯಾಸವನ್ನು ನಮ್ಮ ಪಾಠಶಾಲೆಗಳು ಇನ್ನೂ ಸಾಕಷ್ಟು ಕಲಿಸುತ್ತಿಲ್ಲವೆಂಬುದು ಖೇದದ ಸಂಗತಿ.

ಕಣ್ಣಿನ ದೋಷವು ಹೀಗೆ ತಿಳಿದರೆ, ಕೈಯ ದೋಷವನ್ನು ತಿಳಿಯಲು ಅಡುಗೆಮನೆಯ ಹಳೆಯ ಸೇರು ಸಾಕು. ಅದರೊಳಗೆ ಬಿಳಿಜೋಳವನ್ನು ಮೆಲ್ಲನೆ ಸುರಿದು ಬಾಯಿಯ ಮಟ್ಟಕ್ಕೆ ಕಡ್ಡಿಯಿಂದ ಎಳೆದು, ಆಮೇಲೆ ನೆಲಕ್ಕೆ ನಾಲ್ಕು ಸಲ ಕುಟ್ಟಿದರೆ ಕಾಳು ಕುಸಿದು ಇನ್ನಷ್ಟು ಜೋಳಕ್ಕೆ ಎಡೆಯಾಗುವುದು. ಗೋಪುರದಂತೆ ಏರಿಸಿ ಅಳೆದರಂತೂ ವ್ಯತ್ಯಾಸವು ಹೇಳತೀರದು. ಹಿಟ್ಟಿನಲ್ಲಿ ಈ ಕುಸಿತ ಇನ್ನೂ ಹೆಚ್ಚು, ನೀರಿನಲ್ಲಿ ಸ್ವಲ್ಪವೂ ಇಲ್ಲ. ತೂಕದ ಸೇರು 80 ತೊಲೆ, ಅಂದರೆ ಸುಮಾರು 933 ಗ್ರಾಂ ಎಂದು ಗೊತ್ತಾಗಿದ್ದರೂ, ಅಳತೆಯ ಸೇರು ಊರಿಂದೂರಿಗೆ ಬೇರೆಯಾಗಿತ್ತು. 1956ರ ಕಾಯದೆಯ ಮೇರೆಗೆ 1958ರ ಅಕ್ಟೋಬರಿನಿಂದ ಕಿಲೋಗ್ರಾಮು ಚಾಲ್ತಿಗೆ ಬಂದುದು ಸಂತೆಗೆ ಬಂದ ಬಡವನಿಗೆ ಎಂತಹ ರಕ್ಷಣೆಯಾಯಿತೆಂಬುದು ಸೇರನ್ನು ಕುಟ್ಟಿ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಮಳೆಯನ್ನು ಅಳೆಯುವುದು ಇನ್ನೂ ಸುಲಭ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು, ಮಾಡಿನ ಹನಿಯಾಗಲಿ ಮರದ ಹನಿಯಾಗಲಿ ಬೀಳದಂತೆ ಬಯಲಿನಲ್ಲಿಟ್ಟು, ಮರುದಿನ ಬೆಳಿಗ್ಗೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡುವುದು. ದೊಡ್ಡದೊಂದು ಚಿಕ್ಕದೊಂದು ಡಬ್ಬಿಯನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡರಲ್ಲಿಯೂ ಎತ್ತರವು ಸುಮಾರು ಸಮನಾಗಿರುವುದನ್ನು ಕಂಡು ಮಕ್ಕಳು ಬೆರಗಾಗುವರು. ಅಗಲವಾದ ಬಾಯಿಗೆ ಹೆಚ್ಚು ನೀರು ಬಿದ್ದರೂ ಅದು ಅಷ್ಟೇ ಅಗಲವಾದ ತಳದ ಮೇಲೆ ಹರಡಬೇಕಲ್ಲವೆ? ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಸುಮಾರು 101 ಚದರ ಮೀಟರು. ಡಬ್ಬಿಯಲ್ಲಿ 10 ಮಿಲಿಮೀಟರು ನಿಂತಿದ್ದರೆ ಆ ಗುಂಟೆಯ ಮೇಲೆ ಸಾವಿರ ಲೀಟರಿಗೂ ಮೇಲಾಗಿ, ಎಕರೆಯ ಮೇಲೆ 40,000 ಲೀಟರಿಗೂ ಮೇಲಾಗಿ ನೀರು ಬಿದ್ದಿದೆ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಯನ್ನು ತಡೆದ ರೇಣುಕಾಸಾಗರದ ಗರಿಷ್ಠ ಮಟ್ಟ 2079.50 ಅಡಿ ಎಂದು ಓದುವಾಗ, ಕೊನೆಯ ಆ ಅರ್ಧ ಅಡಿಯನ್ನು ಬಿಟ್ಟುಬಿಡಬಾರದೇಕೆಂಬುದು ಈ ಲೆಕ್ಕವನ್ನು ಒಮ್ಮೆ ಮಾಡಿದ ಬಾಲಕನಿಗೆ ತಾನಾಗಿ ಹೊಳೆಯುವುದು.

ಇಷ್ಟಾದ ಮೇಲೆ ಎಲ್ಲಕ್ಕಿಂತ ಮನೋಹರವಾದ ಪ್ರಯೋಗಕ್ಕೆ ಬರೋಣ. ನಮ್ಮ ಪ್ರಾಚೀನ ಜ್ಯೋತಿಷಿಗಳು 12 ಅಂಗುಲದ ಶಂಕುವನ್ನು ನೆಟ್ಟು, ವಿಷುವದಿನದ ಮಧ್ಯಾಹ್ನದಲ್ಲಿ ಅದರ ನೆರಳನ್ನಳೆದು ಅದನ್ನು ಪಲಭೆಯೆಂದು ಕರೆದರು. ನಮ್ಮ ಈ ಸೀಮೆಯಲ್ಲಿ ಅದು ಸುಮಾರು 3.4 ಅಂಗುಲ. ಒಂದು ಮೀಟರಿನ ಕೋಲನ್ನು ತೂಕದ ಗುಂಡಿನ ಸಹಾಯದಿಂದ ನೆಟ್ಟಗೆ ನಿಲ್ಲಿಸಿ, ಮಾರ್ಚ್ 21ರಂದು ಹನ್ನೆರಡು ಗಂಟೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತಿಸುತ್ತ ಹೋದರೆ, ಅತ್ಯಂತ ಗಿಡ್ಡವಾದ ನೆರಳು ಹನ್ನೆರಡೂ ಮೂವತ್ತೆಂಟರ ಸುಮಾರಿಗೆ ಬೀಳುವುದು. ಗಡಿಯಾರದ ಹನ್ನೆರಡು ನಮ್ಮ ಸೂರ್ಯನ ಹನ್ನೆರಡಲ್ಲ. ಆ ನೆರಳು ಕಿತ್ತೂರಿನಲ್ಲಿ 27.9 ಸೆಂಟಿಮೀಟರು, ರಾಮದುರ್ಗದಲ್ಲಿ 28.6 ಸೆಂಟಿಮೀಟರು ಆಗತಕ್ಕದ್ದು. ಆದರೆ ಅಂಗಳದಲ್ಲಿ ಬಗ್ಗಿ ನೋಡಿದರೆ ನೆರಳಿನ ತುದಿಗೆ ಅಂಚೇ ಇಲ್ಲ. ಕಪ್ಪು ಬೂದಾಗಿ, ಬೂದು ಬಿಳುಪಾಗಿ, ಒಂದು ಸೆಂಟಿಮೀಟರಿನಷ್ಟು ಅಗಲದಲ್ಲಿ ಕರಗಿಹೋಗಿದೆ. ಇದು ನಮ್ಮ ಕಣ್ಣಿನ ದೋಷವೂ ಅಲ್ಲ, ಕೈಯ ದೋಷವೂ ಅಲ್ಲ: ಸೂರ್ಯನು ಬಿಂದುವಾಗಿರದೆ ಅರ್ಧ ಅಂಶದಷ್ಟು ಅಗಲವಾದ ಬಿಂಬವಾಗಿರುವುದರಿಂದ, ಬಿಂಬದ ಒಂದಂಚು ಮರೆಯಾದರೂ ಇನ್ನೊಂದಂಚು ಬೆಳಗುತ್ತಿರುತ್ತದೆ. ಕೋಲನ್ನು ಎರಡರಷ್ಟು ಉದ್ದಮಾಡಿದರೆ ನೆರಳಿನೊಡನೆ ಈ ಮಬ್ಬೂ ಎರಡರಷ್ಟಾಗುವುದೇ ಹೊರತು ಲಾಭವಿಲ್ಲ.

ಉಪಾಯವೇನೆಂದರೆ, ದಪ್ಪ ಕಾಗದದಲ್ಲಿ ಎರಡು ಮಿಲಿಮೀಟರಿನ ರಂಧ್ರವನ್ನು ಕೊರೆದು ಅದನ್ನು ಕೋಲಿನ ತಲೆಗೆ ಕಟ್ಟುವುದು. ಆಗ ಕಾಗದದ ನೆರಳಿನ ನಡುವೆ ಸೂರ್ಯನದೇ ಒಂದು ಪುಟ್ಟ ದುಂಡು ಬಿಂಬವು ನೆಲದ ಮೇಲೆ ಮೂಡುವುದು. ಅದರ ನಟ್ಟನಡುವನ್ನು ಮೊನಚಾದ ಪೆನ್ಸಿಲಿನಿಂದ ಒಂದೆರಡು ಮಿಲಿಮೀಟರಿನೊಳಗೆ ಗುರುತಿಸಬಹುದು. ಹದಿಮೂರನೆಯ ಶತಮಾನದಲ್ಲಿ ಚೀನದ ಗುವೊ ಶೌಜಿಂಗನು 40 ಅಡಿಯ ಶಂಕುವಿನ ನೆರಳನ್ನು ಸ್ಫುಟಗೊಳಿಸಲು ಹಿಡಿದ ಮಾರ್ಗವೂ ಇದೇ ತೆರನಾದದ್ದು. ನೋಡಬೇಕಾದುದು ನೆಲವನ್ನು, ಸೂರ್ಯನತ್ತ ನೇರವಾಗಿ ಕಣ್ಣೆತ್ತಲೇಕೂಡದು. ಮೇ ತಿಂಗಳ ಮೂರು, ನಾಲ್ಕರ ಸುಮಾರಿಗೆ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ಬಂದು ನೆರಳು ಪೂರ್ತಿ ಇಲ್ಲವಾಗುವುದನ್ನೂ ಇದೇ ಕೋಲಿನಿಂದ ಕಾಣಬಹುದು; ಆಗಸ್ಟಿನಲ್ಲಿ ಇನ್ನೊಮ್ಮೆ ಹಾಗಾಗುವುದಾದರೂ ಆಗ ಮೋಡದ ಕಾಲ.

ಅದೇ ವಿಷುವದಿನ ದಿಲ್ಲಿಯಲ್ಲಿರುವ ಬಂಧುಗಳೊಬ್ಬರು ಅಷ್ಟೇ ಉದ್ದದ ಕೋಲನ್ನು ನೆಟ್ಟರೆ ಅವರಿಗೆ ದೊರೆಯುವ ನೆರಳು 54 ಸೆಂಟಿಮೀಟರಿಗೆ ಮೇಲು. ಎರಡು ನೆರಳುಗಳನ್ನೂ ಕೋಲುಗಳನ್ನೂ ಕಾಗದದ ಮೇಲೆ ಚಿಕ್ಕದಾಗಿ ಬರೆದು ತುದಿಯ ಕೋನಗಳನ್ನಳೆದರೆ ಅಂತರವು 13 ಅಂಶಗಳ ಹತ್ತಿರ ಬರುವುದು. ನಕ್ಷೆಯಲ್ಲಿ ಎರಡೂರುಗಳ ನಡುವಣ ದೂರವನ್ನು, ರೈಲಿನ ದಾರಿಯಿಂದಲ್ಲ, ನೇರ ದಕ್ಷಿಣೋತ್ತರವಾಗಿ ಮಾತ್ರ ತೆಗೆದುಕೊಂಡು, 360ರಿಂದ ಗುಣಿಸಿ ಈ ಅಂತರದಿಂದ ಭಾಗಿಸಿದರೆ ಭೂಮಿಯ ಸುತ್ತಳತೆಯು ಸಿಕ್ಕುವುದು. ಅದು ನಿಜವಾಗಿ 40,000 ಕಿಲೋಮೀಟರು. ಅಂಗಳದಲ್ಲಿ 38,000 ಬಂದರೂ 42,000 ಬಂದರೂ ತಿದ್ದದೆ ಹಾಗೆಯೇ ಬರೆದು, ಬಿಂಬದ ನಡುವನ್ನು ಎಷ್ಟು ಮಿಲಿಮೀಟರಿನೊಳಗೆ ಗುರುತಿಸಲಾಯಿತೆಂಬುದನ್ನೂ ಅದರ ಪಕ್ಕದಲ್ಲಿಯೇ ಬರೆದಿಟ್ಟು, ಸೆಪ್ಟೆಂಬರ್ 23ರಂದು ಆಕಾಶವು ತಿಳಿಯಾಗಿದ್ದರೆ ಕೋಲನ್ನು ಮತ್ತೆ ನೆಡುವುದು.